ನಾಲ್ಕು ವರ್ಷ, ಐದು ಮಷಿನ್, ಒಂದು ಡಿಎನ್‌ಸಿ ಸಾಫ್ಟ್‌ವೇರ್: ನಡುವೆ ನಿಂತರೆ ಮಾತ್ರ ಕಷ್ಟ

ನಮ್ಮದು ಅಚ್ಚು ಮಾಡುವ ಕೆಲಸ. ಐದು ಮಿಲ್ಲಿಂಗ್ ಮಷಿನ್‌ಗಳಿಗೆ ಒಂದೇ ಕಂಪ್ಯೂಟರ್‌ನಿಂದ ಪ್ರೋಗ್ರಾಂ ಕಳಿಸುವ ಡಿಎನ್‌ಸಿ ಸಾಫ್ಟ್‌ವೇರ್ ಹಾಕಿಸಿ ನಾಲ್ಕು ವರ್ಷವಾಯಿತು. ಎಷ್ಟು ಪೋರ್ಟ್, ಯಾವ ಕಂಟ್ರೋಲರ್ ಎಂಬುದೆಲ್ಲ ಕಂಪನಿಯ ಕರಪತ್ರದಲ್ಲೇ ಸಿಗುತ್ತದೆ, ಬಿಡಿ. ನಾನು ಹೇಳಬೇಕಿರುವುದು ಒಂದು ಬಟನ್ ಬಗ್ಗೆ. ‘ಈ ಸಾಲಿನಿಂದ ಮುಂದುವರಿಸು’ ಎನ್ನುವ ಬಟನ್.

ಐದರಲ್ಲಿ ಮೂರು ಮಷಿನ್ ಹಳೆಯವು. ಮೆಮೊರಿ ಬರೀ 64 ಕೆಬಿ. ಕೊನೆಗೆ ಮೇಲ್ಮೈ ನಯ ಮಾಡುವ ಫಿನಿಶಿಂಗ್ ಪ್ರೋಗ್ರಾಂ ನೋಡಿದರೆ 6 ಎಂಬಿ. ಹಾಗಾಗಿ ಡ್ರಿಪ್ ಫೀಡ್ ಬಿಟ್ಟರೆ ದಾರಿ ಇಲ್ಲ. ಕಂಪ್ಯೂಟರ್ ಸಾಲು ಸಾಲಾಗಿ ಉಣಿಸುತ್ತದೆ. ಬಫರ್ (ತಾತ್ಕಾಲಿಕ ಮೆಮೊರಿ) ತುಂಬಿದಾಗ ಮಷಿನ್ ‘ಸಾಕು’ ಅನ್ನುತ್ತದೆ, ಖಾಲಿಯಾದಾಗ ‘ಕೊಡು’ ಅನ್ನುತ್ತದೆ. ಕಳಿಸುವ ವೇಗ 9600 ಬಾಡ್ ಇದ್ದರೆ ಸೆಕೆಂಡಿಗೆ ಸುಮಾರು 870 ಅಕ್ಷರ, ಅಂದರೆ 38 ಸಾಲಿನಷ್ಟು ಹೋಗುತ್ತದೆ. ಒಂದೊಂದು ಸಾಲೂ 0.1 ಮಿ.ಮೀ. ಚಲನೆಯಾದರೆ ಫೀಡ್, ಅಂದರೆ ಟೂಲ್ ಸಾಗುವ ವೇಗ, ನಿಮಿಷಕ್ಕೆ 230 ಮಿ.ಮೀ. ದಾಟುವುದಿಲ್ಲ. ಅದಕ್ಕಿಂತ ಜಾಸ್ತಿ ಕೇಳಿದರೆ ಟೂಲ್ ತಡವರಿಸುತ್ತದೆ, ಮೇಲ್ಮೈ ಮೇಲೆ ಸಣ್ಣ ಸಣ್ಣ ಗುರುತು ಬೀಳುತ್ತದೆ. ನಾನು 38400ಕ್ಕೆ ಏರಿಸಿ, ಕೇಬಲ್ ಚಿಕ್ಕದು ಮಾಡಿ, ಶೀಲ್ಡ್ ಸರಿಯಾಗಿ ಅರ್ಥ್ ಮಾಡಿಸಿದ ಮೇಲೆ ಆ ಕಾಟ ನಿಂತಿತು.

ಬೆಳಗಿನ ಕೆಲಸ ನನಗೆ ತುಂಬಾ ಇಷ್ಟ. ಮೊದಲು ಲ್ಯಾಪ್‌ಟಾಪನ್ನು ಟ್ರಾಲಿ ಮೇಲಿಟ್ಟು ಒಂದೊಂದೇ ಮಷಿನ್ ಹತ್ತಿರ ಒಯ್ಯುತ್ತಿದ್ದೆವು. ಈಗ ಆಪರೇಟರ್ ಮಷಿನ್ ಮುಂದೆ ನಿಂತೇ ಪ್ರೋಗ್ರಾಂ ನಂಬರ್ ಕೇಳುತ್ತಾನೆ. ಪ್ರೋಗ್ರಾಂಗೆ ಕಾಯುತ್ತಿದೆ ಎನ್ನಲು ಪರದೆಯ ಮೂಲೆಯಲ್ಲಿ ‘ಎಲ್‌ಎಸ್‌ಕೆ’ ಮಿನುಗುತ್ತದೆ. ಮೊದಲ ಸಾಲು ತಲುಪಿದ ಕೂಡಲೇ ಅದು ಮಾಯವಾಗುತ್ತದೆ. ಇತ್ತ ನನ್ನ ಕಂಪ್ಯೂಟರ್‌ನಲ್ಲಿ ಆ ಮಷಿನ್‌ನ ಸಾಲು ಹಸಿರಾಗಿ ಅಕ್ಷರಗಳ ಲೆಕ್ಕ ಓಡತೊಡಗುತ್ತದೆ. ಐದೂ ಹಸಿರಾದ ಮೇಲೆಯೇ ನಾನು ಕುರ್ಚಿ ಬಿಟ್ಟು ಏಳುವುದು.

ಇನ್ನು ಆ ಬಟನ್. ಎರಡನೇ ವರ್ಷ ಒಂದು ಕೋರ್ (ಅಚ್ಚಿನ ಉಬ್ಬು ಭಾಗ) ಫಿನಿಶಿಂಗ್ ಆಗುತ್ತಿತ್ತು. 1,80,000 ಸಾಲಿನ ಆಸುಪಾಸು ಕಟರ್ ಮೊನೆ ಮುರಿಯಿತು. ರೀಸೆಟ್ ಒತ್ತಿ, ಟೂಲ್ ಬದಲಿಸಿ, ಅದೇ ಬಟನ್ ಒತ್ತಿದೆ. ಸಾಫ್ಟ್‌ವೇರ್ ಆ ಸಾಲಿನಿಂದ ಕಳಿಸಿತು, ನಿಜ. ಆದರೆ ಆ ಸಾಲಿನಲ್ಲಿದ್ದದ್ದು ಬರೀ ಎಕ್ಸ್, ವೈ, ಝಡ್ ಅಂಕಿಗಳು. ಕತ್ತರಿಸುವ ವೇಗದಲ್ಲಿ ಸಾಗು ಎನ್ನುವ ಜಿ01 ಇದ್ದದ್ದು ಎಷ್ಟೋ ಸಾವಿರ ಸಾಲು ಹಿಂದೆ. ಟೂಲ್ ಉದ್ದವನ್ನು ಲೆಕ್ಕಕ್ಕೆ ತಗೊ ಎನ್ನುವ ಜಿ43 ಅದಕ್ಕೂ ಹಿಂದೆ. ರೀಸೆಟ್ ಆದರೆ ನಮ್ಮ ಮಷಿನ್ ರ‍್ಯಾಪಿಡ್‌ಗೆ, ಅಂದರೆ ಅತಿ ವೇಗದ ಚಲನೆಯ ಜಿ00ಗೆ ಬರುತ್ತದೆ, ಟೂಲ್ ಉದ್ದವನ್ನೂ ಮರೆಯುತ್ತದೆ. ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್ ನೇರ ಕೆಳಗೆ ಇಳಿಯಿತು. ರ‍್ಯಾಪಿಡ್ 25 ಪರ್ಸೆಂಟ್‌ನಲ್ಲಿ ಇಟ್ಟಿದ್ದರಿಂದ ಕೈಯಾರೆ ನಿಲ್ಲಿಸಲು ಆಯಿತು, ಸ್ಪಿಂಡಲ್ ಉಳಿಯಿತು. ಹೊಸ ಕಟರ್ ಹೋಯಿತು. ಮುಗಿಯುತ್ತಾ ಬಂದಿದ್ದ ಕೋರ್‌ಗೆ ಗುಂಡಿ ಬಿತ್ತು. ವೆಲ್ಡ್ ಮಾಡಿಸಿ ಮತ್ತೆ ಹೊಡೆದೆವು.

ಸಾಫ್ಟ್‌ವೇರ್ ಹತ್ತಿರ ಇಡೀ ಫೈಲ್ ಇರುತ್ತದೆ ಅಲ್ವಾ? ಹಿಂದಕ್ಕೆ ಓದಿ ತುಂಡಿನ ಶೂನ್ಯಬಿಂದು ಹೇಳುವ ಜಿ54, ಜಿ43, ಸ್ಪಿಂಡಲ್ ವೇಗ, ಕೊನೆಯ ಫೀಡ್ ಎಲ್ಲ ಹುಡುಕಿ ಮೊದಲು ಕಳಿಸಬಹುದಿತ್ತು. ಸಾಫ್ಟ್‌ವೇರ್ ಮಾಡಿದವರಿಗೆ ಎರಡು ಸಲ ಬರೆದೆ. ಮುಂದಿನ ಆವೃತ್ತಿಯಲ್ಲಿ ಕೊಡುತ್ತೇವೆ ಎಂದರು. ಅದಾದ ಮೇಲೆ ಮೂರು ಆವೃತ್ತಿ ಬಂದಿವೆ. ಬಟನ್ ಹಾಗೇ ಇದೆ.

1960ರ ದಶಕದ ಡಿಎನ್‌ಸಿಯಲ್ಲಿ ದೊಡ್ಡದೊಂದು ಕಂಪ್ಯೂಟರ್ ಹಲವು ಮಷಿನ್‌ಗಳನ್ನು ನೇರವಾಗಿ ನಡೆಸುತ್ತಿತ್ತು. ಅದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಮಷಿನ್‌ಗೊಂದು ಕಂಪ್ಯೂಟರ್ ಬಂದ ಮೇಲೆ ಆ ತೊಂದರೆ ಹೋಯಿತು. ಡ್ರಿಪ್ ಫೀಡ್ ಮಾಡುವ ನಮ್ಮಂಥವರಿಗೆ ಮಾತ್ರ ಅದು ಇನ್ನೂ ಹೋಗಿಲ್ಲ. ಅದಕ್ಕೇ ನಡುವೆ ನಿಂತಾಗ ಎತ್ತಿಕೊಳ್ಳುವುದು ಇಲ್ಲಿ ಮುಖ್ಯ ಕೆಲಸ. ಈಗ ನಾನು ಆ ಬಟನ್ ಮುಟ್ಟುವುದಿಲ್ಲ. ದೊಡ್ಡ ಪ್ರೋಗ್ರಾಂಗಳನ್ನು ತುಂಡು ಮಾಡಿ, ಪ್ರತಿ ತುಂಡಿನ ತಲೆಗೂ ಆ ಜಿ54, ಜಿ43, ವೇಗ, ಫೀಡ್ ಎಲ್ಲ ಇರುವ ಆರು ಸಾಲು ಸೇರಿಸುತ್ತೇನೆ.

ಇಷ್ಟೆಲ್ಲ ಆದರೂ ಈ ಸಾಫ್ಟ್‌ವೇರ್ ತೆಗೆದುಹಾಕಿಲ್ಲ, ಅದಕ್ಕೆ ಕಾರಣ ಸಂಜೆಯ ಕೆಲಸ. ಹೊಸ ಎರಡು ಮಷಿನ್‌ಗಳ ಮೆಮೊರಿಯಲ್ಲಿರುವ ಪ್ರೋಗ್ರಾಂಗಳನ್ನು ಇದು ವಾಪಸ್ ತಂದು, ಬೆಳಗ್ಗೆ ಕಳಿಸಿದ್ದರ ಪಕ್ಕದಲ್ಲಿಟ್ಟು, ಬದಲಾದ ಸಾಲನ್ನು ಹಳದಿ ಮಾಡಿ ತೋರಿಸುತ್ತದೆ. ಒಂದು ದಿನ ಒಂದೇ ಸಾಲು ಹಳದಿ: ಫೀಡ್ ಎಫ್800 ಇದ್ದದ್ದು ಎಫ್650 ಆಗಿತ್ತು. ಕೇಳಿದೆ. ‘ಆ ಮೂಲೆಯಲ್ಲಿ ಕಿರುಗುಟ್ಟುತ್ತಿತ್ತು, ಇಳಿಸಿದೆ’ ಎಂದ ಆಪರೇಟರ್. ಅವನು ಮಾಡಿದ್ದೇ ಸರಿ. ಮೊದಲಾದರೆ ಆ ತಿದ್ದುಪಡಿ ಮಷಿನ್‌ನಲ್ಲೇ ಅಳಿಸಿ ಹೋಗುತ್ತಿತ್ತು, ಮುಂದಿನ ಸಲ ಮತ್ತೆ ಅದೇ ಕಿರುಗುಟ್ಟುವಿಕೆ. ಈಗ ಫೈಲ್‌ನಲ್ಲೇ ಉಳಿದಿದೆ, ಅವನ ಹೆಸರಿನ ಜೊತೆ.

ಎಲ್ಲ ಮಷಿನ್‌ಗೂ ಈಥರ್ನೆಟ್, ಸಾಕಷ್ಟು ಮೆಮೊರಿ ಇದ್ದರೆ ನಿಮಗೆ ಬರೀ ಸಂಜೆಯ ಭಾಗ ಸಾಕು. ಸುಮ್ನೆ ಪೂರ್ತಿ ಪ್ಯಾಕೇಜ್‌ಗೆ ದುಡ್ಡು ಹಾಕಬೇಡಿ. ನಮ್ಮ ಹಾಗೆ ಹಳೇ ಮಷಿನ್ ಬದಲಿಸುವ ಶಕ್ತಿ ಇಲ್ಲದವರು ತಗೊಳ್ಳಬಹುದು. ಆದರೆ ಡೆಮೋ ದಿನ ಮೇಣದ ಒಂದು ತುಂಡು ಕಟ್ಟಿ ಓಡಿಸಿ. ಅರ್ಧಕ್ಕೆ ರೀಸೆಟ್ ಒತ್ತಿ. ಆಮೇಲೆ ತೋರಿಸಲು ಬಂದವರ ಕೈಯಲ್ಲೇ ಆ ಬಟನ್ ಒತ್ತಿಸಿ.