ಸಿಟಾಗ್ಲಿಪ್ಟಿನ್ 100: ತೀರ್ಥಹಳ್ಳಿ ಕಡೆಯ ಬಳಕೆದಾರನ ಅನುಭವ

2022ರಲ್ಲಿ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ವೈದ್ಯರು ನನ್ನ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಜೊತೆಗೆ ಈ ಮಾತ್ರೆ ಬರೆದುಕೊಟ್ಟರು. ಮೊದಲು ಇದ್ದದ್ದು ಗ್ಲಿಮೆಪಿರೈಡ್ ಎಂಬ ಮಾತ್ರೆ. ಊಟ ಸ್ವಲ್ಪ ತಡವಾದರೂ ಸಕ್ಕರೆ ತೀರಾ ಇಳಿದು, ಅಡಿಕೆ ತೋಟದಲ್ಲೇ ಕೈಕಾಲು ನಡುಗಿ ಬೆವರು ಕಿತ್ತುಬರುತ್ತಿತ್ತು. ಅಂಗಿ ಜೇಬಿನಲ್ಲಿ ಬೆಲ್ಲದ ಚೂರು ಸದಾ ಇರಬೇಕಿತ್ತು. ಅದಕ್ಕೆ ಇರುವೆ ಮುತ್ತುತ್ತಿದ್ದುದು ಬೇರೆ ಕಥೆ. ಈಗ ಆ ಕಾಟ ತಪ್ಪಿದೆ.

ತಪ್ಪಿದ್ದೇಕೆಂದರೆ, ಇದು ಗ್ಲಿಮೆಪಿರೈಡ್ ಹಾಗೆ ಇನ್ಸುಲಿನ್ನಿಗಾಗಿ ಮೇದೋಜೀರಕ ಗ್ರಂಥಿಯನ್ನು ಹೊತ್ತುಗೊತ್ತಿಲ್ಲದೆ ತಿವಿಯುವ ಮಾತ್ರೆಯಲ್ಲ. ಉಂಡದ್ದು ಕರುಳಿಗೆ ಇಳಿದೊಡನೆ ಅಲ್ಲಿನ ಜೀವಕೋಶಗಳು ಜಿಎಲ್‌ಪಿ-1, ಜಿಐಪಿ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಮಾತ್ರ ಇವು ಇನ್ಸುಲಿನ್ ಹೊರಡಿಸುತ್ತವೆ. ಆದರೆ ಡಿಪಿಪಿ-4 ಎಂಬ ಕಿಣ್ವ ಒಂದೆರಡು ನಿಮಿಷದಲ್ಲೇ ಜಿಎಲ್‌ಪಿ-1ರ ಅರ್ಧಪಾಲನ್ನು ಮುಗಿಸಿಬಿಡುತ್ತದೆ. ಸಿಟಾಗ್ಲಿಪ್ಟಿನ್ ಆ ಕಿಣ್ವವನ್ನು ತಡೆಯುತ್ತದೆ, ಅಷ್ಟೇ. ಮಂಗ ಓಡಿಸುವ ಕಾವಲುಗಾರನಿಂದ ತೋಟದ ಫಸಲು ಉಳಿಯುತ್ತದೆಯೇ ಹೊರತು ಬೆಳೆಯುವುದಿಲ್ಲವಲ್ಲ, ಹಾಗೆ.

ಫಲಿತಾಂಶವೂ ಅದಕ್ಕೆ ತಕ್ಕಂತೆಯೇ ಇದೆ. ಬರಿಹೊಟ್ಟೆಯ ಸಕ್ಕರೆ ಅಷ್ಟೇನೂ ಕದಲಲಿಲ್ಲ. ಊಟದ ನಂತರದ್ದು ಚೆನ್ನಾಗಿಯೇ ಇಳಿಯಿತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1 ಇದ್ದದ್ದು 7.4ಕ್ಕೆ ಬಂತು. ಮಳೆಗಾಲದ ಬೆಳಿಗ್ಗೆ ಕಾಯಿ ಚಟ್ನಿಯೊಂದಿಗೆ ಅಕ್ಕಿ ಕಡುಬನ್ನೇ ಬಾರಿಸಿದರೆ ಗ್ಲುಕೋಮೀಟರ್ ಈಗಲೂ 220 ದಾಟುತ್ತದೆ. ಮೊದಲು ಒಂದು ಬಟ್ಟಲು ಹುರುಳಿಕಾಯಿ ಪಲ್ಯ, ಮೊಳಕೆ ಕಾಳು ತಿಂದು ಆಮೇಲೆ ಎರಡೇ ಕಡುಬು ಮುಟ್ಟಿದರೆ 170ರ ಆಸುಪಾಸು. ಹಲಸಿನ ಹಣ್ಣಿನ ಮುಂದೆ ಮಾತ್ರ ಯಾವ ಉಪಾಯವೂ ನಡೆಯದು.

ತೂಕ ಇಳಿಯಲಿಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅದು ಜಿಎಲ್‌ಪಿ-1ರಂತೆಯೇ ವರ್ತಿಸುವ ಔಷಧ, ಬೇಗ ಕರಗುವುದಿಲ್ಲ, ಹಸಿವನ್ನೇ ತಗ್ಗಿಸುತ್ತದೆ. ಆದರೆ ತೆರೆಯದ ಪೆನ್ನುಗಳನ್ನು ಫ್ರಿಜ್‌ನಲ್ಲಿ ಇಡಬೇಕು. ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಮನೆಗೆ ಮಾತ್ರೆಯೇ ವಾಸಿ.

ಮೂತ್ರಪಿಂಡ ದುರ್ಬಲವಿದ್ದರೆ ಸಿಟಾಗ್ಲಿಪ್ಟಿನ್ ಪ್ರಮಾಣ ತಗ್ಗಿಸಬೇಕಾಗುತ್ತದೆ, ಹಾಗಾಗಿ ಕ್ರಿಯಾಟಿನಿನ್ ಪರೀಕ್ಷೆ ಬಿಡಬೇಡಿ. ಬೆನ್ನಿಗೆ ಹಾಯುವಂಥ ಹೊಟ್ಟೆನೋವು ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಮೇದೋಜೀರಕದ ಉರಿಯೂತವಾಗುವುದುಂಟು.

ಒಂದು ನಕ್ಷತ್ರ ಕಡಿಮೆ ಕೊಡುತ್ತಿರುವುದು ಮಾತ್ರೆಗಲ್ಲ, ಪ್ರತಿ ಬಾರಿಯೂ ಬೇರೆ ಕಂಪನಿಯ ಸ್ಟ್ರಿಪ್ ಹಿಡಿಸುವ ಔಷಧದಂಗಡಿಗೆ. ಒಮ್ಮೆ 50 ಮಿಲಿಗ್ರಾಂನದ್ದನ್ನೇ ಕೊಟ್ಟಿದ್ದರು. ಹಿಂಬದಿಯ ಅಕ್ಷರ ಓದಿಯೇ ಹಣ ಕೊಡಿ.