ವಾರಕ್ಕೊಂದು ಗಂಟೆ ಅಲ್ಲಿ, ಉಳಿದದ್ದೆಲ್ಲ ಮನೆಯಲ್ಲಿ: ನಮ್ಮ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಸೇವೆಯ ವಿಮರ್ಶೆ

ನಮ್ಮ ಮಗಳು ಗರ್ಭದ 29ನೇ ವಾರದಲ್ಲಿಯೇ ಹುಟ್ಟಿದಳು. ಆಗ ಅವಳ ತೂಕ 1,080 ಗ್ರಾಂ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ 58 ದಿನ ಇದ್ದು, ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ರೈಲ್ಸ್ ಟ್ಯೂಬಿನೊಂದಿಗೇ ಮನೆಗೆ ಬಂದಳು. ನೆತ್ತಿಯ ಮೇಲಿಂದ ಮಾಡಿದ ಸ್ಕ್ಯಾನಿನಲ್ಲಿ ಮಿದುಳಿನೊಳಗೆ ರಕ್ತಸ್ರಾವವಾಗಿದ್ದ ಗುರುತು ಕಂಡಿತ್ತು. ಎರಡೂ ಕಣ್ಣಿನ ರೆಟಿನಾಕ್ಕೆ ಲೇಸರ್ ಚಿಕಿತ್ಸೆ ಆಗಿತ್ತು. ಈಗ ಅವಳಿಗೆ 21 ತಿಂಗಳು. ಐದನೇ ತಿಂಗಳಿನಿಂದ ಇಂದಿನವರೆಗೆ ಅವಳ ಬೆಳವಣಿಗೆಗಾಗಿ ನಾವು ನೆಚ್ಚಿಕೊಂಡಿರುವುದು ಜಿಲ್ಲಾ ಆಸ್ಪತ್ರೆಯ ಆವರಣದಲ್ಲಿರುವ ಆರಂಭಿಕ ಮಧ್ಯಸ್ಥಿಕೆ ಕೇಂದ್ರವನ್ನು, ಅಂದರೆ ಆಸ್ಪತ್ರೆಯಲ್ಲಿ ಎಲ್ಲರೂ ಡಿಇಐಸಿ ಎಂದು ಕರೆಯುವ ಜಾಗವನ್ನು. ಹದಿನಾರು ತಿಂಗಳು ಬಳಸಿದ ಮೇಲೆ ಈ ಸೇವೆಯ ಬಗ್ಗೆ ಬರೆಯುವ ಅರ್ಹತೆ ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ. ಇಂಥದೇ ಮಗುವನ್ನು ಎತ್ತಿಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕುಳಿತಿರುವ ತಾಯಿಗೆ ಇದು ತಲುಪಲಿ ಎಂಬುದು ನನ್ನ ಆಸೆ.

ಮೊದಲು ಈ ಕೇಂದ್ರ ಏನೆಂದು ಹೇಳುತ್ತೇನೆ, ಏಕೆಂದರೆ ನನಗೂ ಗೊತ್ತಿರಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟು ನ್ಯೂನತೆ, ಪೋಷಕಾಂಶಗಳ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬಗಳನ್ನು ಗುರುತಿಸಲು ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಹೋಗುತ್ತವೆ; ಅಲ್ಲಿ ಕಂಡುಬಂದ ಮಕ್ಕಳನ್ನು ಮುಂದಿನ ಚಿಕಿತ್ಸೆಗೆ ಕಳುಹಿಸಲು ಜಿಲ್ಲಾ ಮಟ್ಟದಲ್ಲಿರುವುದೇ ಈ ಕೇಂದ್ರ. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಕಿವಿ ಮತ್ತು ಮಾತಿನ ತಜ್ಞರು, ಕಣ್ಣು ಪರೀಕ್ಷಿಸುವವರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು, ಇವರೆಲ್ಲ ಒಂದೇ ಸೂರಿನಡಿ ಇರಬೇಕೆಂಬುದು ಇದರ ಕಲ್ಪನೆ. ಸೇವೆ ಉಚಿತ.

ನಮಗೆ ಈ ವಿಷಯ ತಿಳಿಸಿದ್ದು ಆಸ್ಪತ್ರೆಯಲ್ಲ, ಊರಿನ ಆಶಾ ಕಾರ್ಯಕರ್ತೆ. ಮಗಳು ಹುಟ್ಟಿದ ಖಾಸಗಿ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದಲ್ಲಿ ಔಷಧಿಗಳ ಪಟ್ಟಿಯಿತ್ತು, ಕಣ್ಣಿನ ತಪಾಸಣೆಯ ದಿನಾಂಕವಿತ್ತು, ಬೆಳವಣಿಗೆಯ ಚಿಕಿತ್ಸೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ತೂಕ ನೋಡಲು ಮನೆಗೆ ಬಂದಿದ್ದ ಆಶಾ ಅಕ್ಕ, ಮಗು ಮುಷ್ಟಿ ಬಿಡಿಸದೆ ಕಾಲುಗಳನ್ನು ಕತ್ತರಿಯಂತೆ ಬಿಗಿಹಿಡಿದಿರುವುದನ್ನು ಕಂಡು, "ಇದನ್ನ ಸುಮ್ನೆ ಬಿಡಬಾರ್ದು ಕಣಮ್ಮ, ನಾಳೇನೇ ಹೊರಡು" ಎಂದು ಚೀಟಿ ಬರೆದುಕೊಟ್ಟರು. ಅಷ್ಟರಲ್ಲಿ ಮೂರು ತಿಂಗಳು ಕಳೆದುಹೋಗಿತ್ತು. ಆ ಮೂರು ತಿಂಗಳ ಕೊರಗು ಇನ್ನೂ ನನ್ನಲ್ಲಿದೆ.

ಮೊದಲ ದಿನ ಅಲ್ಲಿ ಕಲಿತದ್ದು ವಯಸ್ಸಿನ ಲೆಕ್ಕ. 40 ವಾರಕ್ಕೆ ಹುಟ್ಟಬೇಕಿದ್ದ ಮಗು 29ಕ್ಕೇ ಹುಟ್ಟಿದ್ದರಿಂದ, ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ಕುಳಿತುಕೊಳ್ಳುವುದು ಇವುಗಳನ್ನೆಲ್ಲ ಅಳೆಯುವಾಗ ಆ 11 ವಾರಗಳನ್ನು ಕಳೆದು ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನಾಂಕವೇ ಲೆಕ್ಕ. ಇಷ್ಟು ಸರಳವಾದ ಮಾತನ್ನು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಸಿಕೊಂಡು ನಾನು ಸುಮ್ಮನೆ ಸವೆದಿದ್ದೆ. ಹಾಗೆಂದು ಅಲ್ಲಿನವರು ಸುಳ್ಳು ಧೈರ್ಯವನ್ನೂ ಕೊಡಲಿಲ್ಲ. ಹನ್ನೊಂದು ವಾರ ಕಳೆದರೂ ಇವಳು ಹಿಂದೆ ಇದ್ದಾಳೆ, ಕಾಲಿನ ಬಿಗಿತ ಮಿದುಳಿನ ಗಾಯದಿಂದ ಬಂದದ್ದು ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಈ ಕೇಂದ್ರದ ನಿಜವಾದ ಬೆಲೆ ಫಿಸಿಯೋಥೆರಪಿ ಕೋಣೆಯಲ್ಲಿದೆ. ಅದು ದೊಡ್ಡ ಕೋಣೆಯೇನಲ್ಲ: ನೀಲಿ ರೆಕ್ಸಿನಿನ ಚಾಪೆ, ಒಂದು ದೊಡ್ಡ ಚೆಂಡು, ಗೋಡೆಗೆ ಒಂದು ಕನ್ನಡಿ. ವಾರಕ್ಕೆ ಒಂದು ದಿನ, ಕಾಗದದ ಮೇಲೆ 45 ನಿಮಿಷ, ಜನ ಹೆಚ್ಚಿದ್ದರೆ 20 ನಿಮಿಷ. ಹೆಚ್ಚೆಂದರೆ ಒಂದು ಗಂಟೆ ಎಂದಿಟ್ಟುಕೊಂಡರೂ ವಾರದ 168 ಗಂಟೆಗಳಲ್ಲಿ ಉಳಿದ 167 ಗಂಟೆ ಮಗು ಮನೆಯಲ್ಲಿಯೇ ಇರುತ್ತದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಮೇಡಂ ಇದನ್ನು ಚೆನ್ನಾಗಿ ಅರಿತವರು. ಮಗುವಿಗೆ ವ್ಯಾಯಾಮ ಮಾಡಿಸುವುದಕ್ಕಿಂತ, ಮಾಡಿಸುವುದು ಹೇಗೆಂದು ನನ್ನ ಕೈಗಳಿಗೆ ಕಲಿಸುವುದರಲ್ಲಿಯೇ ಅವರು ಹೆಚ್ಚು ಹೊತ್ತು ಕಳೆಯುತ್ತಾರೆ. ಮೊದಲು ತಾವು ಮಾಡಿ ತೋರಿಸಿ, ಬಳಿಕ ನನ್ನಿಂದ ಮಾಡಿಸಿ, ಮುಂದಿನ ವಾರ ಹೋದ ಕೂಡಲೇ ಮತ್ತೆ ನನ್ನಿಂದಲೇ ಮಾಡಿಸಿ ನೋಡುತ್ತಾರೆ. ತಪ್ಪಿದರೆ ಬೈಯುವುದಿಲ್ಲ, ಕೈ ಹಿಡಿದು ಸರಿಪಡಿಸುತ್ತಾರೆ.

ಎರಡನೇ ಭೇಟಿಗೆ ನನ್ನ ಅತ್ತೆಯವರೂ ಬಂದಿದ್ದರು. ಹೊರಗೆ ಕಾಯುವಾಗ ಅವರು ಮೊಮ್ಮಗಳನ್ನು ಸೊಂಟದ ಮೇಲೆ, ಎರಡೂ ಕಡೆಗೆ ಕಾಲು ಬಿಡಿಸಿ ಕೂರಿಸಿಕೊಂಡು, ಬೆನ್ನಿಗೆ ಕೈಕೊಟ್ಟು ನಿಂತಿದ್ದರು. ಮೇಡಂ ಅದನ್ನು ಕಂಡು, "ಅಜ್ಜಿ, ನೀವು ಎತ್ಕೊಂಡಿರೋದೇ ಸರಿ. ಕಾಲು ಬಿಗಿ ಇರೋ ಮಗೂಗೆ ಇದಕ್ಕಿಂತ ಒಳ್ಳೇ ಕೂರುವ ರೀತಿ ಇಲ್ಲ" ಎಂದರು. ಹುಟ್ಟಿದಾಗಿನಿಂದ ಮಗುವನ್ನು ಮುಟ್ಟುವುದಕ್ಕೇ ಹೆದರುತ್ತಿದ್ದ ಅತ್ತೆಯವರ ಮುಖ ಆ ದಿನ ಅರಳಿದ್ದನ್ನು ನಾನು ನೋಡಿದ್ದೇನೆ. ಎಣ್ಣೆ ಹಚ್ಚಿ ಎರೆಯುವುದನ್ನೂ ಮೇಡಂ ಬೇಡವೆನ್ನಲಿಲ್ಲ. ಮೂಗು ಮತ್ತು ಕಿವಿಗೆ ಎಣ್ಣೆ ಬಿಡಬಾರದು, ಬಿಗಿದ ಕಾಲುಗಳನ್ನು ಜಗ್ಗಿ ಎಳೆಯಬಾರದು, ನಿಧಾನವಾಗಿ ಬಿಡಿಸಬೇಕು ಎಂದು ತಿದ್ದಿದರು. ಮನೆಯ ಪದ್ಧತಿಯನ್ನು ತಳ್ಳಿಹಾಕದೆ ಅದರೊಳಗೇ ಚಿಕಿತ್ಸೆಯನ್ನು ಸೇರಿಸಿದ್ದರಿಂದ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ನಾನೊಬ್ಬಳೇ ಎಂಬ ಸ್ಥಿತಿ ಅಲ್ಲಿಗೆ ಮುಗಿಯಿತು.

ಇನ್ನೊಂದು ಘಟನೆಯನ್ನು ವಿವರವಾಗಿ ಹೇಳಲೇಬೇಕು. ಮಗಳಿಗೆ ಎಂಟು ತಿಂಗಳಾಗಿದ್ದಾಗ, ನಿದ್ದೆಯಿಂದ ಎದ್ದ ಕೂಡಲೇ ಎರಡೂ ತೋಳುಗಳನ್ನು ಚಾಚಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಒಂದು ಕ್ಷಣ ಮುದುಡಿಕೊಳ್ಳುತ್ತಿದ್ದಳು. ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ. ನಾವು ಇದನ್ನು ಬೆಚ್ಚುವುದು ಎಂದುಕೊಂಡೆವು. ಅತ್ತೆಯವರು ದೃಷ್ಟಿ ತೆಗೆದರು. ನಾನು ಹೊಟ್ಟೆಯುಬ್ಬರವೆಂದು ಹನಿ ಔಷಧಿ ಕೊಟ್ಟೆ. ಆ ಮಂಗಳವಾರ ಅವಳು ಚಾಪೆಯ ಮೇಲೆ ಎಚ್ಚರಗೊಂಡಾಗ ಅದೇ ಶುರುವಾಯಿತು. ಮೇಡಂ ತಮ್ಮ ಕೈಯಲ್ಲಿದ್ದ ಬೇರೆ ಮಗುವನ್ನು ಇನ್ನೊಬ್ಬರಿಗೆ ಕೊಟ್ಟು ಬಂದು ಪಕ್ಕದಲ್ಲಿ ಕುಳಿತು ಎಣಿಸಿದರು. ಒಂಬತ್ತು ಸಲ. "ಅಮ್ಮ, ಇದು ಬೆಚ್ಚೋದಲ್ಲ. ಮೊಬೈಲ್ ತೆಗೀರಿ, ವಿಡಿಯೊ ಮಾಡಿ" ಎಂದವರೇ, ಆ ವಿಡಿಯೊದೊಂದಿಗೆ ನಮ್ಮನ್ನು ಮಕ್ಕಳ ವೈದ್ಯರ ಬಳಿಗೆ ತಾವೇ ಕರೆದುಕೊಂಡು ಹೋದರು. ಮರುದಿನ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ಆಯಿತು. ಇನ್ಫೆಂಟೈಲ್ ಸ್ಪಾಸಮ್ಸ್ ಎಂಬ ಬಗೆಯ ಫಿಟ್ಸ್ ಅದು. ಹೆಚ್ಚಾಗಿ ಮೊದಲ ವರ್ಷದೊಳಗೆ ಬರುವ, ನೋಡಲು ಫಿಟ್ಸಿನಂತೆ ಕಾಣದ, ತಡಮಾಡಿದಷ್ಟೂ ಮಗು ಕಲಿತದ್ದನ್ನೂ ಕಸಿದುಕೊಳ್ಳುವ ಕಾಯಿಲೆ. ಸ್ಟೀರಾಯ್ಡ್ ಮಾತ್ರೆಗಳನ್ನು ಆರಂಭಿಸಿ ಎರಡು ವಾರದೊಳಗೆ ನಮ್ಮ ಮಗಳಲ್ಲಿ ಅದು ನಿಂತಿತು. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ದಿನ ಹತ್ತಿರವಿದ್ದುದನ್ನು ತಾಯಿ ಕಾರ್ಡಿನಲ್ಲಿ ಗಮನಿಸಿ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಜೀವಂತ ಲಸಿಕೆ ಕೊಡುವಂತಿಲ್ಲವೆಂದು ಅದನ್ನು ಮುಂದೂಡಲು ಬರೆದುಕೊಟ್ಟವರೂ ಇದೇ ಕೇಂದ್ರದ ವೈದ್ಯಾಧಿಕಾರಿ. ಎಷ್ಟು ಹಣ ಕೊಟ್ಟರೂ ಸಿಗದಿರಬಹುದಾದ ಗಮನ ಇದು.

ಈಗ ಕೊರತೆಗಳು. ನಾವು ಸೇರಿದಾಗ ಮಾತಿನ ತಜ್ಞರ ಹುದ್ದೆ ಖಾಲಿಯಿತ್ತು; ಭರ್ತಿಯಾಗಲು ಏಳು ತಿಂಗಳು ಬೇಕಾಯಿತು. ಮಾತು ಬಾರದ ಹಸುಗೂಸಿಗೆ ಮಾತಿನ ತಜ್ಞರೇಕೆ ಎಂದು ಕೇಳುವವರಿದ್ದಾರೆ. ಹೀರುವುದು, ಅಗಿಯುವುದು, ನುಂಗುವುದು ಇವನ್ನೆಲ್ಲ ನೋಡುವವರು ಅವರೇ. ಅವರಿಲ್ಲದ ಕಾರಣ ಬಾಯಿಂದ ತಿನ್ನಿಸಲು ಆರಂಭಿಸುವ ನಿರ್ಧಾರವನ್ನು ಯಾರೂ ತೆಗೆದುಕೊಳ್ಳಲಿಲ್ಲ, ಟ್ಯೂಬು ಬೇಕಾದ್ದಕ್ಕಿಂತ ಹೆಚ್ಚು ಕಾಲ ಉಳಿಯಿತು. ಅದನ್ನು ಬದಲಿಸುವಾಗಲೆಲ್ಲ ಮಗು ಅತ್ತ ಅಳುವನ್ನು ನೆನೆದರೆ ಈ ಖಾಲಿ ಹುದ್ದೆಯನ್ನು ಕ್ಷಮಿಸಲು ನನಗೆ ಮನಸ್ಸು ಬರುವುದಿಲ್ಲ. ಆ ಅವಧಿಯಲ್ಲಿ ಕಿವಿಯ ಪರೀಕ್ಷೆಗಾಗಿ ನಮ್ಮನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಿದರು. ನಿಗಾ ಘಟಕದಲ್ಲಿ ಬಹಳ ದಿನ ಇದ್ದ ಮಕ್ಕಳಿಗೆ ಕಿವಿಯ ಸರಳ ತಪಾಸಣೆಯೊಂದೇ ಸಾಲದು, ಶಬ್ದ ಕಿವಿಯಿಂದ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವ ಬೇರಾ ಪರೀಕ್ಷೆಯೂ ಆಗಬೇಕು ಎಂದು ತಿಳಿದದ್ದು ಆಗಲೇ. ಮಗು ಮಲಗಿದ್ದಾಗ ಮಾಡುವ ಪರೀಕ್ಷೆಯಾದ್ದರಿಂದ, ದಾರಿಯುದ್ದಕ್ಕೂ ಅವಳನ್ನು ನಿದ್ದೆ ಮಾಡಲು ಬಿಡದೆ ಕರೆದೊಯ್ದೆವು. ಕಿವಿ ಸರಿಯಾಗಿದೆ.

ಹೊಸ ಮಾತಿನ ತಜ್ಞೆ ಬಂದ ಮೇಲೆ ಕೆಲಸ ಸಾಗಿತು. ಮನೆಯಲ್ಲಿ ಮಗುವಿಗೆ ಏನು ಬಳಸುತ್ತೀರೋ ಅದನ್ನೇ ತನ್ನಿ ಎಂದರು. ಅತ್ತೆಯವರು ತಮ್ಮ ಹಳೆಯ ಬೆಳ್ಳಿಯ ಒಳಲೆಯನ್ನು ಅಂಜುತ್ತಲೇ ಚೀಲದಿಂದ ತೆಗೆದರು. ನಿಗಾ ಘಟಕದಲ್ಲಿ ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಹಾಲು ಕೊಡುವುದೂ ಇಂಥದರಲ್ಲಿಯೇ, ತಪ್ಪು ಒಳಲೆಯದಲ್ಲ, ಕಾಲ ಮೇಲೆ ಮಲಗಿಸಿಕೊಂಡು ಗಂಟಲಿಗೆ ಸುರಿಯುವುದರದು ಎಂದು ಆಕೆ ವಿವರಿಸಿದರು. ಮಗುವನ್ನು ನೆಟ್ಟಗೆ ಕೂರಿಸಿ, ಗಲ್ಲವನ್ನು ಸ್ವಲ್ಪ ಎದೆಯ ಕಡೆಗೆ ಬಾಗಿಸಿ, ತುಟಿಗೆ ತಾಗಿಸಿ, ಅವಳೇ ನುಂಗುವವರೆಗೆ ಕಾಯಬೇಕು. ನೀರಿನಂಥದು ಶ್ವಾಸನಾಳಕ್ಕೆ ಬೇಗ ಜಾರುತ್ತದೆ. ಚಮಚವನ್ನು ಓರೆ ಮಾಡಿದರೆ ಹರಿಯದೆ ತೊಟ್ಟಿಕ್ಕುವಷ್ಟು ಗಟ್ಟಿಯಾದ ರಾಗಿ ಸರಿ ನಮ್ಮ ಮಗಳಿಗೆ ಸುಲಭ. ತಿನ್ನುವಾಗ ಕೆಮ್ಮಿದರೆ, ದನಿ ಗೊರಗೊರ ಎಂದರೆ, ಕಣ್ಣಲ್ಲಿ ನೀರು ಬಂದರೆ ನಿಲ್ಲಿಸಬೇಕು. ಆಮೇಲೆ ಅರ್ಧ ಗಂಟೆ ಮಲಗಿಸಬಾರದು. ಹದಿನಾಲ್ಕನೇ ತಿಂಗಳಲ್ಲಿ ಟ್ಯೂಬು ಹೋಯಿತು.

ಉಳಿದ ದೂರುಗಳನ್ನು ಬೇಗ ಹೇಳಿಬಿಡುತ್ತೇನೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟ ದಿನಗಳೇ ಹೆಚ್ಚು. ಟೋಕನ್ ವ್ಯವಸ್ಥೆಯಿಲ್ಲ. ಟ್ಯೂಬಿನಲ್ಲಿ ಹಾಲು ಕೊಡಲು ಮರೆಯಾದ ಜಾಗವಿಲ್ಲ. ವೈದ್ಯರು ಬದಲಾದಾಗಲೆಲ್ಲ ಹುಟ್ಟಿನ ಕಥೆಯನ್ನು ಮೊದಲಿನಿಂದ ಹೇಳಬೇಕು, ಹೀಗಾಗಿ ಒಂದೇ ಪುಟದ ಸಾರಾಂಶವನ್ನು ನಾನೇ ಬರೆದು ಫೈಲಿನ ಮೇಲೆ ಅಂಟಿಸಿದ್ದೇನೆ. ತಾಯಂದಿರು ಹೇಗಿದ್ದಾರೆಂದು ಕೇಳುವ ಪದ್ಧತಿ ಮಾತ್ರ ಅಲ್ಲಿ ಇಲ್ಲವೇ ಇಲ್ಲ. ಮನಶ್ಶಾಸ್ತ್ರಜ್ಞರು ಇರುವ ಕಡೆ ಅದು ಇರಬೇಕಿತ್ತು.

ಖರ್ಚಿನ ಮಾತು. ನಮ್ಮ ಊರಿನಲ್ಲಿ ಖಾಸಗಿ ಥೆರಪಿಗೆ ಒಂದು ಸಲಕ್ಕೆ 500 ರೂಪಾಯಿ ಕೇಳುತ್ತಾರೆ, ಇಲ್ಲಿ ಏನೂ ಇಲ್ಲ. 46 ಕಿಲೋಮೀಟರ್ ಪ್ರಯಾಣಕ್ಕೆ ನನಗೆ ಮತ್ತು ಅತ್ತೆಯವರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಟಿಕೆಟ್ ಹಣವಿಲ್ಲ. ಅದಿಲ್ಲದಿದ್ದರೆ ವಾರ ತಪ್ಪದೆ ಹೋಗಲು ನಮ್ಮಿಂದ ಆಗುತ್ತಿರಲಿಲ್ಲ. ಕೇಂದ್ರದ ಸಮಾಜ ಕಾರ್ಯಕರ್ತರು ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಮತ್ತು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕಿಸಿದರು. ನಮಗೆ ಸಿಕ್ಕಿರುವುದು ತಾತ್ಕಾಲಿಕ ಪ್ರಮಾಣಪತ್ರ. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಸೇರಿದೆವು. ಸೆರೆಬ್ರಲ್ ಪಾಲ್ಸಿ (ಮಿದುಳಿನ ಗಾಯದಿಂದ ಬರುವ ಚಲನೆಯ ತೊಂದರೆ), ಆಟಿಸಂ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವಿಮೆ ಇದು, ಥೆರಪಿಯ ಖರ್ಚೂ ಇದರಲ್ಲಿ ಸೇರುತ್ತದೆ. ಮೊದಲು ನಾವು ಕೈಯಿಂದ ಕೊಟ್ಟು, ಬಳಿಕ ಬಿಲ್ಲುಗಳನ್ನು ಕಳುಹಿಸಿ ಹಣ ಪಡೆಯಬೇಕು. ಆದ್ದರಿಂದ ಒಂದು ಚೀಟಿಯನ್ನೂ ಬಿಸಾಡಬೇಡಿ.

ಹೋಗುವವರಿಗೆ ನನ್ನ ಸಲಹೆ: ಬೆಳಿಗ್ಗೆ ಒಂಬತ್ತೂವರೆಯೊಳಗೆ ತಲುಪಿ, ಮಗುವಿಗೆ ಹಾಲು ಕೊಟ್ಟು ಒಂದು ಗಂಟೆಯಾದರೂ ಆಗಿರಲಿ, ಮನೆಯಲ್ಲಿ ಮಗುವನ್ನು ದಿನವೂ ಎತ್ತಿಕೊಳ್ಳುವವರು ಯಾರೋ ಅವರನ್ನು ಒಮ್ಮೆಯಾದರೂ ಜೊತೆಗೆ ಕರೆದೊಯ್ಯಿರಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಆ ಏಳು ತಿಂಗಳ ಖಾಲಿ ಕುರ್ಚಿಯದು.

ಕಳೆದ ವಾರ ಮೇಡಂ ಮಗಳ ಬೆನ್ನಿನ ಎತ್ತರ, ತೊಡೆಯ ಉದ್ದ, ಮೊಣಕಾಲಿನಿಂದ ಪಾದದವರೆಗಿನ ಅಳತೆಯನ್ನು ಟೇಪಿನಲ್ಲಿ ಹಿಡಿದು, ಮೂಲೆ ಕುರ್ಚಿಯ ಚಿತ್ರವನ್ನು ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಟ್ಟರು. ಊರಿನ ಬಡಗಿ ಪ್ಲೈವುಡ್ಡಿನಲ್ಲಿ 1,400 ರೂಪಾಯಿಗೆ ಮಾಡಿಕೊಟ್ಟಿದ್ದಾರೆ. ಎರಡು ಗೋಡೆ ಸೇರುವಂತೆ ಬೆನ್ನಿಗೆ ಆಸರೆ, ಕಾಲುಗಳ ನಡುವೆ ಒಂದು ಗೂಟ, ಮುಂದೆ ಒಂದು ಹಲಗೆ. ನಿನ್ನೆ ಸಂಜೆ ಅವಳು ಅದರಲ್ಲಿ ಕುಳಿತು, ಹಲಗೆಯ ಮೇಲಿಟ್ಟ ಒಳಲೆಯನ್ನು ಎರಡೂ ಕೈಯಿಂದ ಹಿಡಿದು, ತಳ್ಳಿ ಕೆಳಗೆ ಬೀಳಿಸಿದಳು. ಅತ್ತೆಯವರು ಎತ್ತಿಕೊಟ್ಟರು. ಮತ್ತೆ ಬೀಳಿಸಿದಳು.