ಟ್ರ್ಯಾಕ್ಸ್ಲರ್ ಅನ್ನೋ ಚೆಸ್ ಓಪನಿಂಗ್‌ನ ಪಿಡಿಎಫ್‌ಗೆ ದುಡ್ಡು ಕೊಟ್ಟು ಮಂಗ ಆದೆ, ಹುಷಾರು

ಹಾಸನದ ಕಡೆ ಭಾನುವಾರದ ಚೆಸ್ ಟೂರ್ನಮೆಂಟ್‌ಗೆ ಹೋಗೋರೆಲ್ಲ ಓದಿ. ಬರೆಯೋಕೂ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ, ಯಾಕಂದ್ರೆ ನಂಗೆ ಆ ಪಿಡಿಎಫ್ ಕೊಟ್ಟ ಮನುಷ್ಯ ಇನ್ನೂ ಅದನ್ನ ಮಾರ್ತಾನೇ ಇದಾನೆ.

ಟೂ ನೈಟ್ಸ್ ಡಿಫೆನ್ಸ್ ಅನ್ನೋ ಓಪನಿಂಗಲ್ಲಿ (ಆಟದ ಶುರುವಿನ ಮೂವ್‌ಗಳು) ಬಿಳಿ ಕುದುರೆ ಜಿ5 ಮನೆಗೆ ಬಂದಾಗ ಕರಿ ತನ್ನ ರಾಜನ ಪಕ್ಕದ ಎಫ್7 ಮನೆ ಕಾಯೋ ಗೋಜಿಗೇ ಹೋಗ್ದೆ ಬಿಷಪ್ ಸಿ5 ಆಡುತ್ತಲ್ಲ, ಟ್ರ್ಯಾಕ್ಸ್ಲರ್, ಅದ್ರ ಹುಚ್ಚು ನಂಗೆ. ವಾಟ್ಸಾಪ್ ಗ್ರೂಪಲ್ಲಿ ಒಬ್ಬ "ಸೀಕ್ರೆಟ್ ಅನಾಲಿಸಿಸ್, ಪೂರ್ತಿ ಸ್ಟಾಕ್‌ಫಿಶ್ ಚೆಕ್ ಮಾಡಿದ್ದು, ಬಿಳಿ ಉಳಿಯೋದೇ ಇಲ್ಲ" ಅಂತ ಹಾಕಿದ್ದ. ಸ್ಟಾಕ್‌ಫಿಶ್ ಅಂದ್ರೆ ಚೆಸ್ ಮೂವ್ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ. ಸೀಕ್ರೆಟ್ ಅಂತೆ! ಝೆಕ್‌ನ ಕರೆಲ್ ಟ್ರ್ಯಾಕ್ಸ್ಲರ್ 1890ರಲ್ಲೇ ಆಡಿದ್ದು ಅದು. ಅದು ಗೊತ್ತಿದ್ದೂ 1,800 ರೂಪಾಯಿ ಫೋನ್‌ಪೇ ಮಾಡ್ದೆ ನೋಡಿ.

47 ಪುಟದ ಪಿಡಿಎಫ್ ಬಂತು. ಕುದುರೆ ಎಫ್7 ಹೊಡೆದ್ರೆ ಬಿಷಪ್ ಎಫ್2ಗೆ ಬಿದ್ದು ಚೆಕ್, ರಾಜ ತಗೊಂಡ್ರೆ ಕುದುರೆ ಇ4 ಚೆಕ್, ರಾಜ ಇ3ಗೆ ಬಂದ್ರೆ ಕ್ವೀನ್ ಎಚ್4, ಎಲ್ಲಾದಕ್ಕೂ ಕೆಂಪು ಹಸಿರು ಬಾಣ. ಎರಡು ವಾರ ರಾತ್ರಿ ಕೂತು ಬಾಯಿಪಾಠ ಮಾಡ್ದೆ, ಹೆಂಡ್ತಿ "ಪಿಯುಸಿಲಿ ಹಿಂಗೆ ಓದಿದ್ರೆ ಎಲ್ಲೋ ಇರ್ತಿದ್ರಿ" ಅಂದ್ಲು.

ಟೂರ್ನಮೆಂಟ್ ದಿನ ಎದುರಿಗೆ ಕೂತಿದ್ದು ಕುರ್ಚಿಯಿಂದ ನೆಲಕ್ಕೆ ಕಾಲು ಎಟುಕದ ಹುಡುಗ. ಕುದುರೆ ಜಿ5 ಬಂತು! ಬಿಷಪ್ ಸಿ5 ಇಟ್ಟು, ಇವತ್ತು ಮುಗೀತು ಮಗನೇ ಅಂತ ಹಿಂದಕ್ಕೆ ಒರಗಿ ಕೂತೆ. ಹುಡುಗ ಕುದುರೆ ಮುಟ್ಟಲೇ ಇಲ್ಲ. ಬಿಷಪ್‌ನಲ್ಲಿ ಎಫ್7 ಹೊಡೆದು ಚೆಕ್ ಕೊಟ್ಟ. ರಾಜನ್ನ ಇ7ಗೆ ಇಟ್ಟೆ. ಅವನು ಬಿಷಪ್‌ನ ಬಿ3ಗೆ ವಾಪಸ್ ಎಳ್ಕೊಂಡು ಬಿಸ್ಕೆಟ್ ಪೊಟ್ಟಣ ಬಿಚ್ಚಿದ. ಒಂದು ಪಾನ್ ಹೋಯ್ತು, ಕ್ಯಾಸಲಿಂಗ್ (ರಾಜನ್ನ ಮೂಲೆ ಕಡೆ ಭದ್ರ ಮಾಡೋ ಮೂವ್) ಹೋಯ್ತು, ರಾಜ ನಡುಬೀದೀಲಿ. ತಲೆಯಲ್ಲಿ 47 ಪುಟಾನೂ ತಿರುವಿ ಹಾಕ್ದೆ, ಈ ಮೂವ್ ಇಲ್ಲ. ಇಲ್ಲವೇ ಇಲ್ಲ ಕಣ್ರೀ! 26ನೇ ಮೂವ್‌ಗೆ ಕೈ ಕುಲುಕಿ ಎದ್ದೆ. "ಅಂಕಲ್, ಇದು ಎಲ್ರಿಗೂ ಗೊತ್ತಿರೋದೇ ಅಲ್ವಾ" ಅಂದ, ಪಕ್ಕದ ಬೋರ್ಡಿನೋರು ನಕ್ರು.

ವಾಪಸ್ ಬರೋ ಆಟೋದಲ್ಲೇ ಲೀಚೆಸ್ ಅನ್ನೋ ಚೆಸ್ ಆ್ಯಪ್ ತೆಗೆದೆ. ಫ್ರೀ ಸ್ಟಾಕ್‌ಫಿಶ್, ಒಂದು ಪೈಸೆ ಇಲ್ಲ, ಬಿ.ಎಂ. ರೋಡ್ ದಾಟೋದ್ರೊಳಗೆ ಬಿಷಪ್ ಎಫ್7ನೇ ಮೇಲೆ ತೋರಿಸ್ತು, ಬಿಳಿಗೇ ಚೆನ್ನಾಗಿದೆ ಅಂತ. ಕೊಳ್ಳೋ ಮುಂಚೆ ಇದೇ ಫೋನಲ್ಲಿ ಒಂದ್ ನಿಮಿಷ ನೋಡಿದ್ರೆ ಆಗ್ತಿತ್ತು, ನೋಡ್ಲಿಲ್ಲ, ಅದೇ ಹೊಟ್ಟೆ ಉರಿ.

ಪಿಡಿಎಫ್ ಮಾರಿದೋನಿಗೆ ಮೆಸೇಜ್ ಹಾಕ್ದೆ. ಮೊದಲು "ಸರ್ ಅದು ಹೆದರ್ಕೊಳ್ಳೋರು ಆಡೋ ಮೂವ್, ಸ್ಟ್ರಾಂಗ್ ಪ್ಲೇಯರ್ಸ್ ಆಡಲ್ಲ". ಆಮೇಲೆ "ನಿಮ್ ಫೋನಲ್ಲಿ ಡೆಪ್ತ್ ಸಾಲಲ್ಲ ಸರ್", ಅಂದ್ರೆ ಫೋನು ಅಷ್ಟು ಮುಂದಿನ ಮೂವ್‌ವರೆಗೆ ಲೆಕ್ಕ ಹಾಕಲ್ಲ ಅಂತ. ಸ್ಕ್ರೀನ್‌ಶಾಟ್ ಕಳಿಸಿದ್ಮೇಲೆ ಅರ್ಧ ಗಂಟೆ ಸದ್ದಿಲ್ಲ, ನೀಲಿ ಟಿಕ್ ಮಾತ್ರ. ಆಮೇಲೆ ಏನ್ ಹೇಳ್ದ ಗೊತ್ತಾ? "ಆ ಲೈನ್ ಪಾರ್ಟ್ 2ರಲ್ಲಿದೆ, ನಿಮಗೆ ಅಂತ 900ಕ್ಕೆ ಕೊಡ್ತೀನಿ". ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ "ಪ್ರಾಕ್ಟೀಸ್ ಕಮ್ಮಿ ಆಗಿದೆ ಸರ್ ನಿಮ್ದು" ಅಂತ ಹೇಳಿ ಬ್ಲಾಕ್.

ಇಂಥೋನು ಸಿಕ್ರೆ ದುಡ್ಡು ಹಾಕೋ ಮುಂಚೆ "ಬಿಷಪ್ ಎಫ್7 ಎಷ್ಟನೇ ಪುಟದಲ್ಲಿದೆ" ಅಂತ ಕೇಳಿ ಸಾಕು. ಪಾರ್ಟ್ 2 ಯಾರಾದ್ರೂ ತಗೊಂಡಿದ್ರೆ ಅದಕ್ಕೆ ಏನ್ ಉತ್ತರ ಬರ್ದಿದಾನೆ ಹೇಳಿ ಮಾರಾಯ್ರೇ, ನಾನಂತೂ ಇನ್ನೊಂದು ರೂಪಾಯಿ ಬಿಚ್ಚಲ್ಲ.